ಆಟ ಮುಗಿಯುವವರೆಗೆ

ರೋಮ್, ಫೆಬ್ರುವರಿ ಐಡ್ಸ್‌ನ (ತಿಂಗಳ ನಡುದಿನದ) ಮರುದಿನ

ಮಿನಿಯಸ್ ತನ್ನ ತಂದೆ ತ್ರೆಬಿಯಸ್ ಅವರಿಗೆ ಬರೆದದ್ದು. ನೀವು ಕ್ಷೇಮವಾಗಿದ್ದರೆ ಒಳ್ಳೆಯದು, ನಾನೂ ಕ್ಷೇಮ.

ಅಪ್ಪಾ, ಕೆಲಸ ಮುಗಿಯಿತು. ಕರ್ವೀಲಿಯಾ ಅಮ್ಮನವರ ಮಗ ಔಲುಸ್‌ನ ಶವಯಾತ್ರೆ ನಿನ್ನೆ ಆಯಿತು. ಅವರ ಆಳು ಕಾಪುವಾಕ್ಕೆ ಓಡಿಬಂದು ನನ್ನನ್ನು ಕರೆದಾಗ ನೀವು ಬಾಗಿಲಲ್ಲಿ ನಿಂತು ಗೊಣಗಿದಿರಿ. ಗೊಣಗಿ ಏನು ಬಂತು? ಆ ಮನೆಯಲ್ಲಿ ಗುಲಾಮರಾಗಿದ್ದವರು ನಾವು. ದೊಡ್ಡ ಒಡೆಯರು ನಮಗಿಬ್ಬರಿಗೂ ಬಿಡುಗಡೆ ಕೊಟ್ಟ ದಿನ, ಮನೆಯವರು ಕರೆದರೆ ಬಂದು ವೇಷ ಕಟ್ಟುತ್ತೇವೆ, ಆಟ ಮುಗಿಯುವವರೆಗೆ ಹೊರಡುವುದಿಲ್ಲ ಎಂದು ಆಣೆ ಇಟ್ಟವರು.

ಔಲುಸ್ ಬದುಕಿದ್ದಾಗಲೇ ಅವನ ಮುಖದ ಅಚ್ಚು ತೆಗೆದು ಜೇನುಮೇಣದಲ್ಲಿ ಎರಕ ಹೊಯ್ದಿಟ್ಟಿದ್ದರು. ಅದನ್ನು ಕಟ್ಟಿಕೊಂಡು, ಅವನ ಬಟ್ಟೆ ತೊಟ್ಟು, ಅವನ ಹೆಣದ ಮುಂದೆ ಅವನಾಗಿ ನಡೆದೆ. ಕುದುರೆಯಿಂದ ಬಿದ್ದ ಮೇಲೆ ಎಡಗಾಲು ಎಳೆಯುತ್ತಿದ್ದನಲ್ಲ, ಚಿಕ್ಕವನಿದ್ದಾಗ ಅದನ್ನು ಅಣಕಿಸಿ ನಿಮ್ಮ ಕೈಯಲ್ಲಿ ಪೆಟ್ಟು ತಿಂದಿದ್ದೆ. ನಿನ್ನೆ ಅದೇ ಅಣಕಕ್ಕೆ ಇಡೀ ಬೀದಿ ಬಿಕ್ಕಿಬಿಕ್ಕಿ ಅತ್ತಿತು. ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅವನ ಚಾಳಿಯನ್ನೂ ಬಿಡಲಿಲ್ಲ. ಆಗ ಅಮ್ಮನವರು ತಲೆ ಎತ್ತಿ ನೋಡಿದರು. ಅಳು ನಿಲ್ಲಿಸಿಬಿಟ್ಟರು, ಅಪ್ಪಾ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿಲ್ಲ.

ಒಂಬತ್ತನೇ ದಿನದ ಊಟ ಮುಗಿಸಿಕೊಂಡು ಹೋಗು ಎಂದಿದ್ದಾರೆ. ನಿಮ್ಮ ಸೊಸೆ ಹೀರಿಯಾಗೆ ಹೇಳಿ, ಹೊಟ್ಟೆ ಹೊತ್ತುಕೊಂಡು ಬಾವಿಗೆ ಹೋಗಬಾರದು. ಮಗಳು ಪಾಕುಲ್ಲಾಗೆ ರೋಮಿನಿಂದ ಮಣ್ಣಿನ ಕುದುರೆ ತರುತ್ತೇನೆ.

ನಿಮ್ಮ ಮಗ, ಮಿನಿಯಸ್

*

ಕಾಪುವಾ, ಮಾರ್ಚ್ ಐಡ್ಸ್

ತ್ರೆಬಿಯಸ್ ಮಗ ಮಿನಿಯಸ್‌ಗೆ. ನೀನು ಕ್ಷೇಮವಾಗಿದ್ದರೆ ಒಳ್ಳೆಯದು, ನಾನೂ ಕ್ಷೇಮ.

ಲೋ, ಒಂಬತ್ತನೇ ದಿನದ ಊಟವನ್ನು ಎಷ್ಟು ದಿನ ಉಣ್ಣುತ್ತೀಯೋ? ತಿಂಗಳಾಯಿತು. ಏಪ್ರಿಲ್ ಉತ್ಸವಕ್ಕೆ ಮೇಳದವರು ನಿನ್ನನ್ನು ಕೇಳಿಕೊಂಡು ದಿನಾ ಬರುತ್ತಾರೆ. ಬಾಗಿಲಿಗೆ ಬಂದವರಿಗೆ ಸುಳ್ಳು ಹೇಳಿ ಹೇಳಿ ನನ್ನ ನಾಲಗೆ ಸವೆಯಿತು.

ನಿನಗೆಂದು ಹೊಸ ಮುಖವಾಡ ಮಾಡುತ್ತಿದ್ದೇನೆ. ಪ್ರೇಮಿಯ ಪಾತ್ರದ್ದು. ನಾರುಬಟ್ಟೆಯ ಮೇಲೆ ನಾರುಬಟ್ಟೆ ಅಂಟಿಸಿ, ಗಾರೆ ಬಳಿದು, ನೆರಳಲ್ಲಿ ಒಣಗಲು ಇಟ್ಟಿದ್ದೇನೆ. ಬಾಯನ್ನು ಸ್ವಲ್ಪ ಅಗಲ ಮಾಡಿದ್ದೇನೆ, ನಿನ್ನ ದನಿ ಹಿಂದಿನ ಸಾಲಿಗೂ ಹೋಗಲಿ ಎಂದು. ಗದ್ದ ಎತ್ತಿದರೆ ನಗು, ತಗ್ಗಿಸಿದರೆ ದುಃಖ. ಇದಪ್ಪಾ ಮುಖವಾಡ ಅಂದರೆ! ಆ ಮೇಣದ್ದು ಮುಖವಾಡವೇ ಅಲ್ಲ. ಅದಕ್ಕೆ ಒಂದೇ ಮುಖ, ಅದೂ ಸತ್ತವನದು. ಅಂಥದ್ದರ ಒಳಗೆ ಹೆಚ್ಚು ಹೊತ್ತು ಇರಬೇಡ. ವೇಷ ಕಳಚಿದ ಮೇಲೆ ಅದನ್ನು ಎದುರಿಗೆ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನಮಸ್ಕಾರ ಹೇಳಿ ಗೂಟಕ್ಕೆ ನೇತುಹಾಕಬೇಕೆಂದು ಕಲಿಸಿದ್ದೇನಲ್ಲ. ಅಲ್ಲಿ ಹಾಗೆ ಮಾಡುತ್ತಿದ್ದೀಯೋ ಇಲ್ಲವೋ?

ಹೀರಿಯಾಗೆ ದಿನ ಹತ್ತಿರ ಬಂತು. ಬೇಗ ಹೊರಡು.

ನಿನ್ನ ಅಪ್ಪ, ತ್ರೆಬಿಯಸ್

*

ರೋಮ್, ಏಪ್ರಿಲ್ ಕಲೆಂಡ್ಸ್ (ತಿಂಗಳ ಮೊದಲ ದಿನ) ಕಳೆದು ನಾಲ್ಕು ದಿನ

ಮಿನಿಯಸ್ ತಂದೆಯವರಿಗೆ. ನೀವು ಕ್ಷೇಮವಾಗಿದ್ದರೆ ಒಳ್ಳೆಯದು.

ಅಪ್ಪಾ, ಗೂಟಕ್ಕೆ ನೇತುಹಾಕಲು ಬಿಟ್ಟರೆ ತಾನೇ! ಇದನ್ನು ಹೇಗೆ ಬರೆಯಲಿ? ನಗಬೇಡಿ. ಒಂಬತ್ತನೇ ದಿನದ ಊಟಕ್ಕೆ ಅಮ್ಮನವರು ನನ್ನನ್ನು ತಮ್ಮ ಪಕ್ಕ, ಔಲುಸ್‌ನ ಜಾಗದಲ್ಲಿ ಕೂರಿಸಿದರು. ವೇಷದಲ್ಲೇ. ಸತ್ತವನಿಗೆ ಗೌರವ ಎಂದುಕೊಂಡೆ. ಮರುದಿನ ಚೀಲ ಕಟ್ಟಿದರೆ ಮೇಲ್ವಿಚಾರಕ ದಿಫಿಲುಸ್ ಬಾಗಿಲಿಗೆ ಅಡ್ಡ ನಿಂತ.

"ಎಲ್ಲಿಗಪ್ಪಾ ಸವಾರಿ?"

"ಊರಿಗೆ. ಆಟ ಮುಗೀತಲ್ಲ."

"ಮುಗೀತು ಅಂತ ಯಾರು ಹೇಳಿದ್ದು? ಅಮ್ಮನವರು ಹೇಳಿದ್ರಾ?"

ಒಳಗೆ ಹೋಗಿ ಅಮ್ಮನವರನ್ನೇ ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ, ಮೇಣದ ಮುಖ ಎಲ್ಲಿದೆಯೆಂದು ಹುಡುಕಿದರು. "ಹಾಕ್ಕೋ ಮಗು. ಬರೀ ಮುಖದಲ್ಲಿ ಓಡಾಡಿದ್ರೆ ನೆಗಡಿ ಆಗತ್ತೆ ನಿಂಗೆ" ಎಂದರು. ಅವತ್ತಿನಿಂದ ದಿನವೂ ಸಂಜೆ ಇದೇ. ಮೇಣದ ತುಟಿಯ ಸೀಳಿನಲ್ಲಿ ಗಂಜಿ ಬಿಟ್ಟು ಬೇರೇನೂ ಹೋಗುವುದಿಲ್ಲ. ಎದುರಿಗೆ ಹುರಿದ ಮೊಲ ಇಟ್ಟುಕೊಂಡು ಗಂಜಿ ಕುಡಿಯುವವನ ಹೊಟ್ಟೆಯ ಪಾಡು ನಿಮಗೆ ಗೊತ್ತಾಗಬೇಕು. ನಾನು ವೇಷದಲ್ಲಿರುವಾಗ ಯಾರೂ ನನ್ನ ಹೆಸರು ಹಿಡಿದು ಕರೆಯುವಂತಿಲ್ಲ, ಅದು ನಮ್ಮ ಕಸುಬಿನ ಕಟ್ಟಳೆಯೇ. ಈಗ ವೇಷವಿಲ್ಲದಾಗಲೂ ಕರೆಯುವುದಿಲ್ಲ. ಅಡುಗೆಯವಳು ಕೂಡ "ಚಿಕ್ಕ ಒಡೆಯರೇ" ಎನ್ನುತ್ತಾಳೆ.

ಓಡಿಹೋದರೆ ಆಣೆ ಮುರಿದ ಕೃತಘ್ನ ಎಂದು ಮತ್ತೆ ಗುಲಾಮಗಿರಿಗೆ ಎಳೆಸಬಹುದು, ಹಾಗೆ ಮಾಡಿಸುವ ಕೈ ಅವರಿಗಿದೆ ಎಂದು ದಿಫಿಲುಸ್ ನೆನಪಿಸಿದ. ಇನ್ನು ಮುಂದೆ ನನ್ನ ಪತ್ರಗಳನ್ನು ಅವನು ಓದಿಯೇ ಕಳಿಸುತ್ತಾನಂತೆ. ಇದನ್ನು ಉಣ್ಣೆ ವ್ಯಾಪಾರಿಯ ಕೈಯಲ್ಲಿ ಕದ್ದು ಕಳಿಸುತ್ತಿದ್ದೇನೆ.

ಮಿನಿಯಸ್

*

ರೋಮ್, ಮೇ ಐಡ್ಸ್

ಮಿನಿಯಸ್ ತಂದೆಯವರಿಗೆ. ನೀವು ಕ್ಷೇಮವಾಗಿದ್ದರೆ ಒಳ್ಳೆಯದು.

ಒಡತಿ ಕರ್ವೀಲಿಯಾ ಅವರ ಕೃಪೆಯಿಂದ ಇಲ್ಲಿ ಊಟ ಬಟ್ಟೆಗೆ ಕೊರತೆ ಇಲ್ಲ. ಹವಾಮಾನ ಚೆನ್ನಾಗಿದೆ. ನನ್ನ ಬಗ್ಗೆ ಚಿಂತೆ ಬೇಡ. ಹೀರಿಯಾಗೂ ಮಗುವಿಗೂ ನನ್ನ ನೆನಪುಗಳು.

ಮಿನಿಯಸ್

*

ಕಾಪುವಾ, ಜೂನ್ ಕಲೆಂಡ್ಸ್

ತ್ರೆಬಿಯಸ್ ಮಗ ಮಿನಿಯಸ್‌ಗೆ. ನಾನು ಕ್ಷೇಮ.

ಮೇ ತಿಂಗಳ ಪತ್ರದಲ್ಲಿ ಏನಿತ್ತೋ ಅದನ್ನು ದಿಫಿಲುಸ್ ಓದಿಕೊಂಡ. ಏನಿರಲಿಲ್ಲವೋ ಅದನ್ನು ನಾನು ಓದಿಕೊಂಡೆ. ಕಲಿತ ದಿನದಿಂದ ನೀನು "ನಾನೂ ಕ್ಷೇಮ" ಎಂದು ಬರೆಯದೆ ಪತ್ರ ಶುರುಮಾಡಿದವನಲ್ಲ. ಎರಡು ಸಲ ಬಿಟ್ಟಿದ್ದೀಯ. ಉಣ್ಣೆಯವನ ಕೈಯಲ್ಲೇ ಇದನ್ನೂ ಕಳಿಸುತ್ತಿದ್ದೇನೆ.

ಇಲ್ಲಿಯ ಅಧಿಕಾರಿಯ ಹತ್ತಿರ ಹೋಗಿದ್ದೆ. ಸ್ನಾನಕ್ಕೆ ಹೊರಟಿದ್ದ ಮನುಷ್ಯ, ನಿಂತಲ್ಲೇ ಕೇಳಿದ. "ಆಣೆಯಲ್ಲಿ ಎಷ್ಟು ದಿನ ಅಂತ ಇದೆಯೇನಯ್ಯ?" ಎಂದ. ಆಟ ಮುಗಿಯುವವರೆಗೆ ಎಂದೆ. "ಹಂಗಾದ್ರೆ ಮುಗಿಯೋವರೆಗೆ ಕಾಯಿ" ಎಂದು ಹೊರಟೇಹೋದ. ನನಗೆ ಬಂದ ಸಿಟ್ಟಿಗೆ ಅವನ ತಲೆಯ ಮೇಲೆ ಎಣ್ಣೆ ಡಬ್ಬಿ ಕುಕ್ಕಬೇಕೆನ್ನಿಸಿತು.

ಹೀರಿಯಾ ಗಂಡುಮಗು ಹೆತ್ತಳು. ಸೂಲಗಿತ್ತಿ ಪದ್ಧತಿಯಂತೆ ಮಗುವನ್ನು ನೆಲದ ಮೇಲೆ ಮಲಗಿಸಿ, ಅಪ್ಪ ಬಂದು ಎತ್ತಿಕೊಳ್ಳಲಿ ಎಂದಳು. ಎಲ್ಲರೂ ಬಾಗಿಲ ಕಡೆ ನೋಡಿದರು. ಹೀರಿಯಾ ಗೋಡೆಯ ಕಡೆ ತಿರುಗಿಕೊಂಡಳು. ಕೊನೆಗೆ ನಾನೇ ಎತ್ತಿಕೊಂಡೆ, ನಿನ್ನ ಹೆಸರು ಹೇಳಿ. ಅದೇನು ಕಿರುಚಾಟವೋ ಮಾರಾಯ, ನಿನ್ನದೇ ಗಂಟಲು.

ಇನ್ನೊಂದು ಹೇಳಬಾರದು ಎಂದುಕೊಂಡಿದ್ದೆ. ನಿನಗೆಂದು ಮಾಡಿದ ಮುಖವಾಡವನ್ನು ಗೂಟಕ್ಕೆ ಹಾಕಿದ್ದೇನೆ. ಪಾಕುಲ್ಲಾ ಬೆಳಿಗ್ಗೆ ಎದ್ದು ಅದರ ಕೆಳಗೆ ನಿಂತು "ಅಪ್ಪ" ಅನ್ನುತ್ತಾಳೆ.

ತ್ರೆಬಿಯಸ್

*

ರೋಮ್, ಸೆಪ್ಟೆಂಬರ್ ಐಡ್ಸ್

ಮಿನಿಯಸ್ ತಂದೆಯವರಿಗೆ. ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಮಗನನ್ನು ನೀವು ಎತ್ತಿಕೊಂಡದ್ದು ಓದಿ ಆ ಚೀಟಿಯನ್ನು ಎಷ್ಟು ದಿನ ಸೊಂಟದಲ್ಲಿ ಇಟ್ಟುಕೊಂಡು ತಿರುಗಿದೆನೋ. ಉತ್ತರ ಬರೆಯಲು ಕೈ ಬರಲಿಲ್ಲ. ಬೇಸಿಗೆಯೆಲ್ಲ ಉಣ್ಣೆಯವನೂ ಬರಲಿಲ್ಲ.

ಬಿಸಿಲಿಗೆ ಮೇಣ ಮೆತ್ತಗಾಯಿತು, ಅಪ್ಪಾ. ಕೆನ್ನೆ ಜೋತುಬಿತ್ತು. ಅಮ್ಮನವರು ಚೀರಿಕೊಂಡರು. ಅಂದಿನಿಂದ ನನ್ನನ್ನು ದ್ರಾಕ್ಷಾರಸದ ನೆಲಮಾಳಿಗೆಯಲ್ಲಿ, ತಂಪಿನಲ್ಲಿ ಇಟ್ಟರು, ಮೇಣ ಕರಗಬಾರದಲ್ಲ. ಅವರೂ ಕೆಳಗಿಳಿದು ಬಂದು ಪೀಪಾಯಿಗಳ ನಡುವೆ ಕೂರುತ್ತಿದ್ದರು. ಮುಖದ ತುಂಬ ಬೊಕ್ಕೆ ಎದ್ದಿದೆ. ಮೈಯೆಲ್ಲ ಜೇನಿನ ವಾಸನೆ, ನೊಣಗಳು ಮುತ್ತುತ್ತವೆ.

ಅವರನ್ನು ದ್ವೇಷಿಸಲೂ ಆಗುತ್ತಿಲ್ಲ, ಅದೇ ದೊಡ್ಡ ಕಷ್ಟ. ಔಲುಸ್ ಸಾಯುವ ಮುಂಚೆ ತಾಯಿಮಗನಿಗೆ ಜಗಳವಾಗಿತ್ತಂತೆ. ಯಾವುದೋ ಹೆಣ್ಣಿನ ವಿಷಯ. "ನನ್ನ ಕಣ್ಣೆದುರು ನಿಲ್ಲಬೇಡ, ಹೋಗು" ಎಂದಿದ್ದರಂತೆ. ಹೋದವನು ಜ್ವರ ಹಿಡಿದು ಓಸ್ತಿಯಾದಲ್ಲಿ ಸತ್ತ. ಈಗ ದಿನವೂ ನನ್ನ ಕೈ ಹಿಡಿದು "ಕ್ಷಮಿಸಿದ್ದೀಯಾ ಮಗು?" ಎಂದು ಕೇಳುತ್ತಾರೆ. ಗಂಟಲು ಸರಿಮಾಡಿಕೊಂಡು "ಕ್ಷಮಿಸಿದ್ದೀನಮ್ಮಾ" ಎನ್ನುತ್ತೇನೆ. ಕಣ್ಣೊರೆಸಿಕೊಂಡು ನೆಮ್ಮದಿಯಿಂದ ಹೋಗುತ್ತಾರೆ. ಮಾರನೇ ದಿನ ಮೊದಲಿನಿಂದ ಅದೇ ಪ್ರಶ್ನೆ. ನಾನು ಎಷ್ಟು ಕ್ಷಮಿಸಿದರೂ ಅವನು ಕ್ಷಮಿಸಿದ ಹಾಗೆ ಆಗುವುದಿಲ್ಲವಲ್ಲ.

ಒಮ್ಮೆ ತಡೆಯಲಾರದೆ ಅವರ ಕಾಲು ಹಿಡಿದೆ. "ಅಮ್ಮಾ, ನಾನು ಔಲುಸ್ ಅಲ್ಲ. ನಾನು ಮಿನಿಯಸ್, ಮುಖವಾಡದ ತ್ರೆಬಿಯಸ್‌ನ ಮಗ. ಊರಲ್ಲಿ ಹೆಂಡತಿ ಮಕ್ಕಳಿದ್ದಾರೆ" ಎಂದೆ. ಅವರು ಬಿದ್ದುಬಿದ್ದು ನಕ್ಕರು. "ಅಯ್ಯೋ ನಿನ್ನ! ಆಳುಕಾಳುಗಳನ್ನ ಅಣಕಿಸೋದ್ರಲ್ಲಿ ನಿನ್ನ ಬಿಟ್ರೆ ಇಲ್ಲ ಬಿಡು. ಥೇಟ್ ಆ ಮಿನಿಯಸ್ಸೇ!" ಎಂದರು.

ಅಪ್ಪಾ, ನಾನು ಇನ್ನು ಏನು ಹೇಳಲಿ?

ವರ್ಷದ ಕಾರ್ಯಕ್ಕೆ, ಫೆಬ್ರುವರಿಯಲ್ಲಿ, ಸಭಾಚೌಕದಲ್ಲಿ ಮರದ ರಂಗ ಕಟ್ಟಿಸಿ ಊರಿಗೆಲ್ಲ ನಾಟಕ ಕೊಡಿಸುತ್ತಾರಂತೆ. ಯಾರಿಂದಲೋ ಪದ್ಯ ಬರೆಸಿದ್ದಾರೆ. ಔಲುಸ್ ಪಾತಾಳದಿಂದ ಎದ್ದುಬಂದು ಜನರೊಂದಿಗೆ ಮಾತಾಡುವ ದೃಶ್ಯ. ಮಾಡುವವನು ಯಾರು ಎಂದು ಹೇಳಬೇಕಾಗಿಲ್ಲ. ಅದು ಚೆನ್ನಾಗಿ ಆದರೆ ಮುಂದಿನ ವರ್ಷವೂ, ಆಮೇಲಿನ ವರ್ಷವೂ.

ಮಿನಿಯಸ್

*

ಕಾಪುವಾ, ನವೆಂಬರ್ ಕಲೆಂಡ್ಸ್ ಕಳೆದು ಎರಡು ದಿನ

ತ್ರೆಬಿಯಸ್ ಮಗನಿಗೆ. ನಾನು ಕ್ಷೇಮ. ನೀನೂ ಆಗುತ್ತೀಯ.

ರಂಗ ಕಟ್ಟಿಸುತ್ತಾರೆ ಎಂದೆಯಾ? ಮರದ ಹಲಗೆಯ ರಂಗ? ಅದನ್ನು ಓದಿ ಅಂಟಿನ ಮಡಕೆ ಕೈಯಿಂದ ಬಿತ್ತು, ಹೀರಿಯಾ ಬೈದಳು. ಬಿಡು. ಮನೆಯೊಳಗೆ ಅವರ ಮಾತು ಕಾನೂನು. ಹಲಗೆ ಹತ್ತಿದ ಮೇಲೆ ಹಲಗೆಯ ಕಾನೂನು. ನೋಡುವವರು ಚೆನ್ನಾಗಿಲ್ಲ ಎಂದು ಕೂಗಿದರೆ, "ತೆಗಿಯೋ ಮುಖವಾಡ!" ಎಂದರೆ, ವೇಷಧಾರಿ ಅಲ್ಲೇ, ಎಲ್ಲರೆದುರಿಗೆ, ಮುಖವಾಡ ಕಳಚಿ ಬರಿ ಮುಖ ತೋರಿಸಬೇಕು. ಕಳಚಿದರೆ ಆಟ ಮುಗಿಯಿತು. ರೋಮನ್ನು ಆಳುವ ಕಾನ್ಸಲ್ಲೇ ಬಂದು ಅಡ್ಡ ನಿಂತರೂ ಮುಗಿಯಿತು. ನಿನ್ನ ಆಣೆಯೂ ಅಲ್ಲಿಗೆ ತೀರಿತು.

ಆದ್ದರಿಂದ ಕೆಟ್ಟದಾಗಿ ಮಾಡು. ತಪ್ಪು ಕಾಲು ಎಳೆ. ಎಡಗಾಲಿನ ಬದಲು ಬಲಗಾಲು. ರೋಮಿನಲ್ಲಿ ಔಲುಸ್‌ನ ಕುಂಟು ಗೊತ್ತಿಲ್ಲದವರಿಲ್ಲ, ಕೂಡಲೇ ಕೂಗು ಏಳುತ್ತದೆ. ಏಳದಿದ್ದರೆ ನಾನು ಎಬ್ಬಿಸುತ್ತೇನೆ. ಬರುತ್ತೇನೆ, ಮುಂದೆಯೇ ನಿಂತಿರುತ್ತೇನೆ.

ಇದರ ಬೆಲೆ ನಿನಗೂ ಗೊತ್ತು ನನಗೂ ಗೊತ್ತು. ಕೂಗಿಸಿಕೊಂಡು ಮುಖ ತೋರಿಸಿದವನನ್ನು ಯಾವ ಒಳ್ಳೆಯ ಮೇಳವೂ ಸೇರಿಸಿಕೊಳ್ಳುವುದಿಲ್ಲ. ನಮ್ಮ ವಂಶದಲ್ಲಿ ಈತನಕ ಯಾರಿಗೂ ಆ ಅವಮಾನ ಆಗಿಲ್ಲ. ಉಳಿಯುವುದು ಅತೆಲ್ಲಾ ಊರಿನ ಪ್ರಹಸನದ ಮೇಳಗಳು, ಹೊಟ್ಟೆಬಾಕ, ಪೆದ್ದ, ಮುದುಕ, ಅಷ್ಟೇ ಪಾತ್ರ. ಅಲ್ಲಿಯವರ ಮುಖವಾಡ ತೆಗೆಸುವ ಹಕ್ಕು ಮಾತ್ರ ಯಾರಿಗೂ ಇಲ್ಲ. ಆ ಕೋತಿಯಾಟವನ್ನು ನಾನು ಜೀವಮಾನವಿಡೀ ಬೈದುಕೊಂಡು ಬಂದೆ. ಈಗ ನಿನಗಾಗಿ ಪೆದ್ದನ ಮುಖವಾಡ ಮಾಡಲು ಕೂತಿದ್ದೇನೆ. ದೊಡ್ಡ ಮೂಗು. ಇರಲಿ ಬಿಡು.

ತ್ರೆಬಿಯಸ್

*

ರೋಮ್, ಜನವರಿ ಕೊನೆ

ಮಿನಿಯಸ್ ತಂದೆಯವರಿಗೆ.

ಮಾಡುತ್ತೇನೆ. ಬಲಗಾಲು. ನೆಲಮಾಳಿಗೆಯಲ್ಲಿ ಒಬ್ಬನೇ ಅಭ್ಯಾಸ ಮಾಡುತ್ತೇನೆ. ಕೆಟ್ಟದಾಗಿ ಮಾಡುವುದಕ್ಕೂ ಅಭ್ಯಾಸ ಬೇಕು ನೋಡಿ. ಅಮ್ಮನವರು ತಾವೇ ಕೂತು ನನ್ನ ಬಟ್ಟೆಗೆ ನೇರಳೆ ಅಂಚು ಹೊಲಿಯುತ್ತಿದ್ದಾರೆ. "ಊರವರೆಲ್ಲ ನಿನ್ನ ನೋಡ್ಲಿ ಮಗು" ಎನ್ನುತ್ತಾರೆ. ಅವರ ಮಗನನ್ನು ಅವರ ಕಣ್ಣೆದುರೇ ಎರಡನೇ ಸಲ ಕೊಲ್ಲಲು ಹೊರಟಿದ್ದೇನೆ.

ನೀವು ಖಂಡಿತ ಬನ್ನಿ.

ಮಿನಿಯಸ್

*

ರೋಮ್, ಮಾರ್ಚ್ ಕಲೆಂಡ್ಸ್

ಕರ್ವೀಲಿಯಾ ಕಾಪುವಾದ ತ್ರೆಬಿಯಸ್‌ಗೆ.

ಕೂಗಿದ ದನಿ ನಿನ್ನದೆಂದು ನನಗೆ ಗೊತ್ತಾಯಿತು. ನನ್ನ ಮದುವೆಯಲ್ಲಿ ಸಾರಥಿಯ ಪಾತ್ರ ಮಾಡಿದವನು ನೀನು. ಆ ಗಂಟಲನ್ನು ಮರೆಯುವಂತಿಲ್ಲ. ನಿನಗೆ ಪೆಟ್ಟಾಯಿತೆಂದು ಕೇಳಿದೆ. ಹೊಡೆದವರು ನನ್ನ ಜನರಲ್ಲ, ಅಳುತ್ತಿದ್ದವರು. ಅಷ್ಟು ಜನ ಅಳುತ್ತಿರುವಾಗ ಒಬ್ಬ ಮುದುಕ ಬೆಂಚು ಹತ್ತಿ "ಚೆನ್ನಾಗಿಲ್ಲ! ತೆಗಿಯೋ ಮುಖವಾಡ!" ಎಂದು ಅರಚಿದರೆ ಸುಮ್ಮನಿರುತ್ತಾರೆಯೇ? ಹೊಡೆದರೂ ನೀನು ನಿಲ್ಲಿಸಲಿಲ್ಲ. ಹಿಂದಿನ ಸಾಲಿನ ಪುಂಡರಿಗೆ ಅದು ತಮಾಷೆಯಾಗಿ ಕಂಡು ಅವರೂ ಹಿಡಿದರು. ಆಮೇಲೆ ಇಡೀ ಚೌಕ.

ಅವನು ಮುಖವಾಡ ತೆಗೆದ. ಬಂಡೆಯಡಿ ಬೆಳೆದ ಹುಲ್ಲಿನಂತೆ ಬಿಳಿಚಿಕೊಂಡ ಮುಖ, ತುಂಬ ಬೊಕ್ಕೆ. ಯಾರೋ ಬೇರೆಯವರ ಮಗ. "ಯಾರಪ್ಪ ನೀನು?" ಎಂದು ಕೇಳಿದೆ. "ಮಿನಿಯಸ್ ಅಮ್ಮಾ, ತ್ರೆಬಿಯಸ್ ಮಗ" ಎಂದ. ಇದನ್ನೇ ಅವನು ಹಿಂದೆಯೂ ಹೇಳಿದ್ದ ಎಂದು ಆಗ ನೆನಪಾಯಿತು. ನನಗೆ ನಾಚಿಕೆಯಾಯಿತು. ಆಟ ಮುಗಿಯಿತು ಎಂದು ನಾನೇ ಗಟ್ಟಿಯಾಗಿ ಹೇಳಿದೆ, ಎಲ್ಲರೂ ಕೇಳಿಸಿಕೊಂಡರು.

ಮೇಣದ ಮುಖವನ್ನು ಕಪಾಟಿನಲ್ಲಿ ಇಡುವಾಗ ತಿರುಗಿಸಿ ನೋಡಿದೆ. ಬೇಸಿಗೆಯಲ್ಲಿ ಮೆತ್ತಗಾದಾಗ ಒಳಗೆಲ್ಲ ನಿನ್ನ ಮಗನ ಮೂಗು, ಕೆನ್ನೆ, ಹುಬ್ಬು ಅಚ್ಚೊತ್ತಿಬಿಟ್ಟಿವೆ. ಹೊರಗೆ ನನ್ನ ಔಲುಸ್, ಒಳಗೆ ನಿನ್ನ ಮಿನಿಯಸ್. ಕರಗಿಸಲಾರೆ, ಇಟ್ಟುಕೊಳ್ಳಲೂ ಆರೆ.

ನಿನ್ನ ಮಗ ಕೂಗಿಗೆ ಸಿಕ್ಕಿಯಾದರೂ ಹೊರಗೆ ಬಂದ. ನಾನು ಕೂಗಿದ್ದು ಒಂದೇ ಮಾತು, ಹೋಗು ಎಂದು. ನನ್ನವನು ಹೋದ.

ಕರ್ವೀಲಿಯಾ

*

ನೋಲಾ, ಏಪ್ರಿಲ್ ಐಡ್ಸ್

ಮಿನಿಯಸ್ ತಂದೆಯವರಿಗೆ. ನಿಮ್ಮ ಪೆಟ್ಟು ವಾಸಿಯಾಯಿತೆಂದು ಕೇಳಿದೆ. ಅವತ್ತು ಚೌಕದ ಗದ್ದಲದಲ್ಲಿ ನಿಮ್ಮನ್ನು ಹುಡುಕಿದೆ, ಯಾರೋ ಗಾಡಿಯಲ್ಲಿ ಮಲಗಿಸಿ ಊರಿಗೆ ಕಳಿಸಿದರು ಎಂದರು.

ರೋಮಿನಿಂದ ಬರುವಾಗ ಕಾಪುವಾ ದಾಟಿಯೇ ಬಂದೆ. ನಮ್ಮ ಬೀದಿಯ ತುದಿಯಲ್ಲಿ ನಿಂತಿದ್ದೆ. ಪಾಕುಲ್ಲಾ ತಮ್ಮನನ್ನು ಎತ್ತಿಕೊಳ್ಳಲು ಹೆಣಗುತ್ತಿದ್ದಳು. ಈ ಮುಖ ಹೊತ್ತುಕೊಂಡು ಮುಂದೆ ಬರಲಾಗಲಿಲ್ಲ, ನೋಲಾಕ್ಕೆ ಬಂದು ಪ್ರಹಸನದ ಮೇಳ ಸೇರಿದೆ. ನೀವು ಉಣ್ಣೆಯವನ ಕೈಯಲ್ಲಿ ಮೊದಲೇ ರೋಮಿಗೆ ಕಳಿಸಿದ್ದ ದೊಡ್ಡ ಮೂಗು ಚೆನ್ನಾಗಿ ಒಪ್ಪುತ್ತದೆ. ಮಕ್ಕಳು ಅಂಜೂರ ಎಸೆಯುತ್ತವೆ. ತೆಗೆ ಎನ್ನುವವರು ಯಾರೂ ಇಲ್ಲ. ಆಟ ಮುಗಿದ ಮೇಲೂ ಅದನ್ನು ಹಾಗೇ ಹಾಕಿಕೊಂಡು ಕೂತಿರುತ್ತೇನೆ, ನಾನೇ ತೆಗೆಯುವುದಿಲ್ಲ.

ಒಂದು ಮಾತು ಕೇಳಬೇಕು. ಹಲಗೆ ಹತ್ತಿದಾಗ ಬಲಗಾಲು ಎಳೆಯಬೇಕೆಂದೇ ಇದ್ದೆ. ಎಡಗಾಲು ತಾನಾಗಿ ಎಳೆಯಿತು. ಗಂಟಲು ತಾನಾಗಿ ಸರಿಯಾಯಿತು. ಕೆಟ್ಟದಾಗಿ ಮಾಡಲು ನನ್ನ ಕೈಲಾಗಲಿಲ್ಲ ಎಂದುಕೊಂಡೆ. ಜನ ಅಳುವುದೂ ಕೇಳಿಸಿತು. ಅಷ್ಟರಲ್ಲಿ ನಿಮ್ಮ ದನಿ. ಅದು ನಾವು ಮಾತಾಡಿಕೊಂಡ ಕೂಗಿನ ಹಾಗೆ ಇರಲಿಲ್ಲ, ಅಪ್ಪಾ. ನಿಜವಾದ ಕೂಗು. ಸಭೆಯಲ್ಲಿ ಯಾರು ಏನೆಂದರೂ ನನಗೆ ಅಷ್ಟೇ. ನನಗೆ ಈ ವಿದ್ಯೆ ಕಲಿಸಿದವರು ನೀವು. ಅಷ್ಟು ಕೆಟ್ಟದಾಗಿತ್ತೇ? ಸಮಾಧಾನಕ್ಕೆ ಬರೆಯಬೇಡಿ, ನಿಜ ಬರೆಯಿರಿ.

ಮಿನಿಯಸ್

*

ಕಾಪುವಾ, ಏಪ್ರಿಲ್ ಕೊನೆ

ತ್ರೆಬಿಯಸ್ ಮಗ ಮಿನಿಯಸ್‌ಗೆ.

ದಡ್ಡ ಮುಂಡೇದೇ, ಬೀದಿಯ ತುದಿಗೆ ಬಂದು ವಾಪಸ್ ಹೋದೆಯಾ? ಹೀರಿಯಾಗೆ ಹೇಳಿದೆ. ಸೌಟು ಹಿಡಿದುಕೊಂಡು ಕಾಯುತ್ತಿದ್ದಾಳೆ.

ನಿಜ ಕೇಳಿದ್ದೀಯ, ಕೇಳಿಸಿಕೋ. ಕೂಗಲು ಸಿದ್ಧನಾಗಿಯೇ ಬಂದಿದ್ದೆ. ನೀನು ಹಲಗೆ ಹತ್ತಿದೆ, ಎರಡು ಹೆಜ್ಜೆ ಇಟ್ಟೆ, ಅಷ್ಟೇ. ಕೂಗಬೇಕೆನ್ನುವುದು ಮರೆತೇಹೋಯಿತು. ನನ್ನ ಜೀವಮಾನದಲ್ಲಿ, ನನ್ನ ಗುರುವಿನ ಕಾಲದಿಂದ ಈವತ್ತಿನವರೆಗೆ, ಅಂಥ ವೇಷ ನಾನು ನೋಡಿಲ್ಲ. ಪಕ್ಕದವರ ಜೊತೆ ನಾನೂ ಅತ್ತೆ. ಔಲುಸ್ ಬಂದ, ನಿಂತ, ಗಂಟಲು ಸರಿಮಾಡಿಕೊಂಡ. ಮುಖವಾಡದ ಹಿಂದೆ ನಿನ್ನನ್ನು ಹುಡುಕಿದೆ. ನಡಿಗೆಯಲ್ಲಿ ಹುಡುಕಿದೆ, ಬೆರಳುಗಳಲ್ಲಿ ಹುಡುಕಿದೆ. ಎಲ್ಲೂ ಇರಲಿಲ್ಲ. ಕರ್ವೀಲಿಯಾಳ ಮಗ ಎದ್ದುಬಂದಿದ್ದ, ನನ್ನ ಮಗ ಹೋಗಿಬಿಟ್ಟಿದ್ದ. ಹೆದರಿ ಕಿರುಚಿಕೊಂಡೆ ಕಣೋ. "ಚೆನ್ನಾಗಿಲ್ಲ" ಎನ್ನುವುದೊಂದೇ ಬಾಯಿಗೆ ಬಂದದ್ದು.

ಮುಖವಾಡ ಇಳಿದು ಬೊಕ್ಕೆಯ ಮುಖ ಕಂಡಾಗ ಯಾರೋ ನನ್ನ ಪಕ್ಕೆಗೆ ಒದೆಯುತ್ತಿದ್ದರು. ನಗುತ್ತಿದ್ದೆನಂತೆ ನಾನು.

ಪ್ರೇಮಿಯ ಮುಖವಾಡವನ್ನು ಗೂಟದಿಂದ ಇಳಿಸಿ ಪೆಟ್ಟಿಗೆಗೆ ಹಾಕಿದ್ದೇನೆ. ಪಾಕುಲ್ಲಾ ಖಾಲಿ ಗೂಟ ನೋಡಿ, ಅಪ್ಪ ಎಲ್ಲಿ ಎಂದು ಕೇಳುತ್ತಾಳೆ. ಬರುತ್ತಾನೆ ಎಂದಿದ್ದೇನೆ. ಆ ಮೂಗನ್ನು ಚೀಲಕ್ಕೆ ಹಾಕಿಕೊಂಡು ಬರಿ ಮುಖದಲ್ಲಿ ಬಾ. ಮೊದಲು ಗುರುತು ಸಿಗದೆ ಅಳುತ್ತಾಳೆ. ಅಳಲಿ, ನೀನು ಅಲ್ಲೇ ನಿಂತಿರು.

ನೀನು ಕ್ಷೇಮವಾಗಿದ್ದರೆ ಒಳ್ಳೆಯದು, ನಾನೂ ಕ್ಷೇಮ.

ನಿನ್ನ ಅಪ್ಪ, ತ್ರೆಬಿಯಸ್